ಫಿಲ್ಮ್ ಸಿಟಿ ಬರುತ್ತಂತೆ, ಟಾಕೀಸ್ ಮುಚ್ತಿವೆಯಂತೆ: ಮೈಸೂರಲ್ಲಿ ಏನಾಗ್ತಿದೆ?

ಮೈಸೂರಿಗೆ ಫಿಲ್ಮ್ ಸಿಟಿ ಬರುತ್ತೆ, 150 ಎಕರೆ ಜಾಗ, 500 ಕೋಟಿ ರೂಪಾಯಿ, ಖಾಸಗಿ ಸಹಭಾಗಿತ್ವ ಅಂತ ರಾಜ್ಯ ಸರ್ಕಾರದೋರು 2025ರ ಮಾರ್ಚ್ ಬಜೆಟ್‌ನಲ್ಲಿ ಹೇಳಿದ್ರು. ಅದೇ ಬಜೆಟ್‌ನಲ್ಲಿ ಟಿಕೆಟ್ 200 ರೂಪಾಯಿ ದಾಟಬಾರದು ಅಂತಾನೂ ಹೇಳಿದ್ರು, ಸೆಪ್ಟೆಂಬರ್ 12ಕ್ಕೆ ಅದು ರೂಲ್ ಆಯ್ತು, 23ಕ್ಕೆ ಹೈಕೋರ್ಟ್ ತಡೆ ಕೊಡ್ತು. ಈ ಕಡೆ ಊರೊಳಗೆ ನೋಡಿದ್ರೆ 1974ರಿಂದ ಓಡ್ತಿದ್ದ ಶಾಂತಲಾ ಟಾಕೀಸ್ 2020ರಲ್ಲಿ ಬಾಗಿಲು ಹಾಕ್ತು, ಲಕ್ಷ್ಮಿ ಟಾಕೀಸೂ ಅದರ ಹಿಂದೇನೇ ಹೋಯ್ತು, ಉಳಿದಿರೋ ಸಿಂಗಲ್ ಸ್ಕ್ರೀನ್, ಅಂದ್ರೆ ಒಂದೇ ಪರದೆಯ ಟಾಕೀಸ್‌ಗಳ ಬಗ್ಗೆ ಆಗಾಗ ಇದೂ ಮುಚ್ಚುತ್ತಂತೆ ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಾನೇ ಇರುತ್ತೆ.

ಹಂಗಾದ್ರೆ ಮೈಸೂರು ಸಿನಿಮಾ ಊರು ಆಗ್ತಿದೆಯಾ ಇಲ್ಲಾ ಸಿನಿಮಾ ಬಿಟ್ಟ ಊರಾಗ್ತಿದೆಯಾ? ಎರಡೂ ಸುದ್ದಿ ನಿಜ, ಒಂದಕ್ಕೊಂದು ಸಂಬಂಧ ಇಲ್ಲ ಅನ್ನೋದೇ ಸಮಸ್ಯೆ. ಫಿಲ್ಮ್ ಸಿಟಿ ಸಿನಿಮಾ ತೆಗೆಯೋ ಜಾಗ, ಟಾಕೀಸ್ ಸಿನಿಮಾ ತೋರಿಸೋ ಜಾಗ, 200 ರೂಪಾಯಿ ಮಿತಿ ಸಿನಿಮಾ ನೋಡೋರ ಜೇಬಿನ ವಿಚಾರ. ಟಾಕೀಸ್ ಮುಚ್ಚೋಕೆ ಇರೋ ದೊಡ್ಡ ಕಾರಣ ಮಾತ್ರ ಅದು ನಿಂತಿರೋ ನೆಲ, ಅದನ್ನ ಈ ಯಾವ ಘೋಷಣೆಯೂ ಮುಟ್ಟೋದಿಲ್ಲ. ಅದು ಯಾಕೆ ಹಂಗೆ ಅಂತ ಅರ್ಥ ಆಗ್ಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ಟಾಕೀಸ್‌ಗಿಂತಲೂ ಹಿಂದಕ್ಕೆ.

ನಾಟಕದ ಕಾಲದಲ್ಲಿ ಕಟ್ಟಡ ಯಾರದ್ದಾಗಿತ್ತು

1881ರಲ್ಲಿ ಬ್ರಿಟಿಷರು ರಾಜ್ಯಾನ ಒಡೆಯರಿಗೆ ವಾಪಸ್ ಕೊಟ್ರಲ್ಲ, ಆಗ ಪಟ್ಟಕ್ಕೆ ಬಂದ ಚಾಮರಾಜೇಂದ್ರ ಒಡೆಯರಿಗೆ ನಾಟಕದ ಹುಚ್ಚು ಜಾಸ್ತಿ. ಪಾರ್ಸಿ ಕಂಪನಿ, ಮರಾಠಿ ಕಂಪನಿಗಳು ಇಲ್ಲಿಗೆ ಬಂದು ಆಡಿದ್ದನ್ನ ನೋಡಿ ನಮ್ಮಲ್ಲೂ ಆಗ್ಲಿ ಅಂತ ಅರಮನೆ ನಾಟಕ ಕಂಪನಿ ಶುರುವಾಯ್ತು, ಬಸಪ್ಪಶಾಸ್ತ್ರಿಗಳಂಥವರು ಅದಕ್ಕೆ ಸಂಸ್ಕೃತದಿಂದ ಇಂಗ್ಲಿಷಿಂದ ನಾಟಕ ಕನ್ನಡಕ್ಕೆ ತಂದ್ರು. ಆಮೇಲೆ 1904ರಲ್ಲಿ ಎ.ವಿ. ವರದಾಚಾರ್ಯರು ರತ್ನಾವಳಿ ಕಂಪನಿ ಕಟ್ಟಿದ್ರು, 1926ರಲ್ಲಿ ತೀರಿಕೊಳ್ಳೋವರೆಗೂ ಅವರ ಹಾಡಿಗೆ ಜನ ಮುಗಿಬೀಳ್ತಿದ್ರು.

ಇದರ ಮಧ್ಯೆ 1884ರಲ್ಲಿ ಟೌನ್‌ಹಾಲ್‌ಗೆ ಅಡಿಪಾಯ ಬಿತ್ತು. ದೊಡ್ಡ ಗಡಿಯಾರದ ಪಕ್ಕ, ಅಂಬೇಡ್ಕರ್ ಪ್ರತಿಮೆ ಹಿಂದೆ, ಎತ್ತರದ ಕಂಬಗಳ ಬಿಳೀ ಕಟ್ಟಡ ಇದೆಯಲ್ಲ ಅದೇ. ಸರಿಯಾದ ಹೆಸರು ರಂಗಾಚಾರ್ಲು ಸ್ಮಾರಕ ಭವನ. 1881ರಲ್ಲಿ 144 ಸದಸ್ಯರನ್ನ ಕೂರಿಸಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ ದಿವಾನ್ ರಂಗಾಚಾರ್ಲು 1883ರಲ್ಲಿ ತೀರಿಕೊಂಡ್ರು, ಅವರ ನೆನಪಿಗೆ ಕಟ್ಟಿದ್ದು. ಮೀಟಿಂಗೂ ಅಲ್ಲೇ ನಾಟಕಾನೂ ಅಲ್ಲೇ. ಇವತ್ತಿಗೂ ಸುತ್ತಮುತ್ತಲ ಹಳ್ಳಿಯೋರು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ರ ಕಲಿತು ಪೌರಾಣಿಕ ನಾಟಕ ಆಡೋಕೆ ಬರೋದು ಟೌನ್‌ಹಾಲ್‌ಗೇ, ದುರ್ಯೋಧನನ ಪಾತ್ರಕ್ಕೆ ಇಷ್ಟು ಕೃಷ್ಣನ ಪಾತ್ರಕ್ಕೆ ಇಷ್ಟು ಅಂತ ಕೈಯಿಂದ ದುಡ್ಡು ಹಾಕ್ಕೊಂಡು.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ನಾಟಕ ಆಡೋರಿಗೆ ಕಟ್ಟಡ ಸ್ವಂತದ್ದಲ್ಲ. ಕಂಪನಿಯೋರು ಊರಿಂದ ಊರಿಗೆ ಹೋಗಿ ತಗಡಿನ ಶೆಡ್ಡೋ ಟೆಂಟೋ ಹಾಕ್ತಿದ್ರು, ಕಲೆಕ್ಷನ್ ಇರೋವರೆಗೂ ಇದ್ದು ಕಿತ್ಕೊಂಡು ಹೋಗ್ತಿದ್ರು. ಪರ್ಮನೆಂಟ್ ಕಟ್ಟಡ ಅಂದ್ರೆ ಅರಮನೆಯದ್ದು ಇಲ್ಲಾ ಸಾರ್ವಜನಿಕರದ್ದು. ಹಂಗಾಗಿ ಕಂಪನಿ ಮುಳುಗಿದ್ರೂ ಕಟ್ಟಡ ಮುಳುಗ್ತಿರ್ಲಿಲ್ಲ. ರತ್ನಾವಳಿ ಕಂಪನಿ ಇಲ್ಲ, ಅರಮನೆ ಕಂಪನಿ ಇಲ್ಲ, ಟೌನ್‌ಹಾಲ್ ಇದೆ.

ಟಾಕೀಸ್ ಬಂದು ಲೆಕ್ಕಾನೇ ಬದಲಾಯ್ತು

ಕನ್ನಡದ ಮೊದಲ ಟಾಕಿ, ಅಂದ್ರೆ ಮಾತಾಡೋ ಪಿಕ್ಚರ್, 1934ರಲ್ಲಿ ಬಂತು. ಆಮೇಲಿನ ನಲವತ್ತು ವರ್ಷದಲ್ಲಿ ಮೈಸೂರು, ಮಂಡ್ಯ, ತಾಲೂಕು ಊರುಗಳಲ್ಲೆಲ್ಲ ಟಾಕೀಸ್ ಎದ್ದವು. ಕಟ್ಟಿದೋರು ಖಾಸಗಿಯವರು, ವ್ಯಾಪಾರಸ್ಥರು, ಊರಿನ ದುಡ್ಡಿದ್ದ ಕುಟುಂಬಗಳು. ಗಾಯತ್ರಿ, ಲಕ್ಷ್ಮಿ, ಒಲಂಪಿಯಾ, ಪ್ರಭಾ, ರಾಜ್‌ಕಮಲ್, ಸಂಗಂ, ವುಡ್‌ಲ್ಯಾಂಡ್ಸ್, ಶಾಂತಲಾ... ಹೆಸರು ಹೇಳ್ತಾ ಹೋದ್ರೆ ಮೈಸೂರಿನ ಹಳಬರು ಒಂದೊಂದಕ್ಕೂ ಒಂದೊಂದು ರಾಜ್‌ಕುಮಾರ್ ಪಿಕ್ಚರ್ ಸೇರಿಸಿ ಹೇಳ್ತಾರೆ. ಅದೇ ಕಾಲದಲ್ಲಿ ಪ್ರೀಮಿಯರ್ ಸ್ಟುಡಿಯೋನೂ ಮೈಸೂರಲ್ಲೇ ಇತ್ತು, ಅಂದ್ರೆ ಮೈಸೂರಲ್ಲಿ ಶೂಟಿಂಗ್ ಅನ್ನೋದು ಫಿಲ್ಮ್ ಸಿಟಿ ಬಂದ ಮೇಲೆ ಶುರುವಾಗೋ ಹೊಸ ವಿಷಯ ಏನಲ್ಲ. 1989ರ ಫೆಬ್ರವರಿ 8ಕ್ಕೆ ಟಿಪ್ಪು ಧಾರಾವಾಹಿ ಶೂಟಿಂಗ್ ನಡೀತಿದ್ದಾಗ ಅಲ್ಲಿ ಬೆಂಕಿ ಬಿದ್ದು 62 ಜನ ಸತ್ತಿದ್ದು ಊರಿಗೆ ಇನ್ನೂ ಮರೆತಿಲ್ಲ.

ಒಂದು ಸಿಂಗಲ್ ಸ್ಕ್ರೀನ್ ಹೆಂಗೆ ದುಡೀತಿತ್ತು ಅಂತ ನೋಡಿ. ಸುಮಾರು 800 ಸೀಟಿನ ಹಾಲ್ ಅಂತ ಇಟ್ಕೊಳ್ಳಿ, ದಿನಕ್ಕೆ ನಾಲ್ಕು ಶೋ, ಫುಲ್ ಆದ್ರೆ 3,200 ಟಿಕೆಟ್. ಮುಂದಿನ ಸಾಲು ಅಗ್ಗದ ಗಾಂಧಿ ಕ್ಲಾಸ್, ಮೇಲೆ ಬಾಲ್ಕನಿ, ಕೆಲವು ಕಡೆ ಬಾಕ್ಸ್. ಕೂಲಿಯೋನೂ ಲಾಯರ್ರೂ ಒಂದೇ ಪಿಕ್ಚರ್ ನೋಡೋರು, ಕೌಂಟರ್ ಮಾತ್ರ ಬೇರೆ. ಕಬ್ಬಿಣದ ಸರಳಿನ ಮಧ್ಯೆ ಒಬ್ಬನೇ ಹಿಡಿಸೋ ಕ್ಯೂ, ಕೈ ತೂರೋಷ್ಟೇ ಕಿಂಡಿ, ಒಳಗಿಂದ ಬಣ್ಣದ ತೆಳು ಕಾಗದದ ಟಿಕೆಟ್ಟು. ಟಿಕೆಟ್ ಬಿಟ್ಟು ಇನ್ನೂ ಎರಡು ಆದಾಯ ಇತ್ತು, ಅದನ್ನ ಈಗ ಯಾರೂ ಲೆಕ್ಕಕ್ಕೆ ತಗೊಳಲ್ಲ: ಸೈಕಲ್ ಸ್ಟ್ಯಾಂಡು ಮತ್ತು ಕ್ಯಾಂಟೀನು. ಎರಡನ್ನೂ ವರ್ಷಕ್ಕಿಷ್ಟು ಅಂತ ಗುತ್ತಿಗೆಗೆ ಕೊಡ್ತಿದ್ರು, ಗುತ್ತಿಗೆದಾರ ಅಡ್ವಾನ್ಸ್ ಕೊಡ್ತಿದ್ದ, ಆ ದುಡ್ಡಲ್ಲಿ ಓನರ್ ಸೀಟು ರಿಪೇರಿ ಸುಣ್ಣಬಣ್ಣ ಮಾಡಿಸ್ತಿದ್ದ. ಜನ ಬರೋದು ಕಮ್ಮಿ ಆದ್ರೆ ಗುತ್ತಿಗೆಗೆ ಯಾರೂ ಬರಲ್ಲ, ಗುತ್ತಿಗೆ ಬರ್ದಿದ್ರೆ ರಿಪೇರಿ ನಿಲ್ಲುತ್ತೆ, ರಿಪೇರಿ ನಿಂತ್ರೆ ಟಾಯ್ಲೆಟ್ ವಾಸನೆ ಬಾಲ್ಕನಿವರೆಗೂ ಬರುತ್ತೆ, ಆಮೇಲೆ ಹೆಣ್ಣುಮಕ್ಕಳು ಮಕ್ಕಳು ಬರೋದು ನಿಲ್ಲಿಸ್ತಾರೆ, ಫ್ಯಾಮಿಲಿ ನಿಂತ ಮೇಲೆ ಬಾಲ್ಕನಿ ಖಾಲಿ. ಟಾಕೀಸ್ ಹಾಳಾಗಿದ್ದು ಈ ಕ್ರಮದಲ್ಲೇ. ಒಂದೇ ದಿನ ಒಟಿಟಿ ಬಂದು ಎಲ್ಲಾ ಮುಗಿಸ್ತು ಅನ್ನೋದು ಸುಲಭದ ಮಾತು. ಒಟಿಟಿಗೂ ಮುಂಚೆ ಟಿವಿ ಬಂದಿತ್ತು, ವಿಸಿಡಿ ಬಂದಿತ್ತು, ಬಿಎಂ ಹ್ಯಾಬಿಟ್ಯಾಟ್ ಮಾಲಲ್ಲಿ ಡಿಆರ್‌ಸಿ ಮಲ್ಟಿಪ್ಲೆಕ್ಸ್ ಬಂದಿತ್ತು, ಮಾಲ್ ಆಫ್ ಮೈಸೂರಲ್ಲಿ ಐನಾಕ್ಸ್ ಮಲ್ಟಿಪ್ಲೆಕ್ಸ್ ಬಂದಿತ್ತು, ಕೊರೊನಾ ಕೊನೇ ಏಟು ಅಷ್ಟೇ.

ಮಲ್ಟಿಪ್ಲೆಕ್ಸ್‌ಗೆ ಒಂದು ಅನುಕೂಲ ಇದೆ. ಐದಾರು ಸಣ್ಣ ಸ್ಕ್ರೀನ್ ಇರೋದ್ರಿಂದ ಒಂದು ಪಿಕ್ಚರ್ ಮಗುಚಿಕೊಂಡ್ರೆ ಮಧ್ಯಾಹ್ನಕ್ಕೇ ಶೋ ಬದಲಾಯಿಸ್ತಾರೆ. ಸಿಂಗಲ್ ಸ್ಕ್ರೀನ್‌ಗೆ ಆ ವಾರ ಹೋದ್ರೆ ಹೋಯ್ತು. 800 ಸೀಟಿನ ಹಾಲಲ್ಲಿ ಅರವತ್ತು ಜನ ಕೂತಿದ್ರೂ ಪ್ರೊಜೆಕ್ಟರ್ ಓಡ್ಬೇಕು, ಫ್ಯಾನ್ ತಿರುಗ್ಬೇಕು, ಆಪರೇಟರ್, ಗೇಟ್‌ಕೀಪರ್, ಕ್ಲೀನಿಂಗ್‌ನೋರ ಸಂಬಳ ಕೊಡ್ಬೇಕು, ಕರೆಂಟ್ ಬಿಲ್ ವಾಣಿಜ್ಯ ದರದಲ್ಲಿ ಕಟ್ಟಬೇಕು.

ಮುಚ್ಚಿಸ್ತಿರೋದು ನಷ್ಟಾನಾ, ನೆಲದ ಬೆಲೆನಾ?

ನಷ್ಟ ಒಂದೇ ಕಾರಣ ಆಗಿದ್ರೆ ಹೊಸ ಓನರ್ರೋ ಲೀಸ್‌ನೋರೋ ಬಂದು ರಿಪೇರಿ ಮಾಡಿ ನಡೆಸ್ಬಹುದಿತ್ತು. ಕೆಲವು ಕಡೆ ನಡೆಸಿದ್ದಾರೆ ಕೂಡ, ಎಸಿ ಹಾಕಿ, ಪುಷ್‌ಬ್ಯಾಕ್ ಸೀಟ್ ಹಾಕಿ, ಸೌಂಡ್ ಬದಲಾಯಿಸಿ. ಆದ್ರೆ ಟಾಕೀಸ್ ಕಟ್ಟುವಾಗ ಊರಂಚಲ್ಲಿದ್ದ ಜಾಗ ಈಗ ಊರ ನಡುಮಧ್ಯ. ಸ್ಕ್ರೀನ್, ಹಾಲ್, ಮುಂದೆ ಪಾರ್ಕಿಂಗ್, ಸುತ್ತ ಕಾಂಪೌಂಡ್ ಅಂತ ಒಟ್ಟಿಗೇ ಸಿಗೋ ಅಷ್ಟು ದೊಡ್ಡ ಸೈಟು ಮೈಸೂರು ಸೆಂಟ್ರಲ್ಲಿ ಬೇರೆ ಎಲ್ಲಿದೆ ಹೇಳಿ? ಅಲ್ಲಿ ಕಾಂಪ್ಲೆಕ್ಸೋ ಅಪಾರ್ಟ್‌ಮೆಂಟೋ ಕಲ್ಯಾಣ ಮಂಟಪಾನೋ ಕಟ್ಟಿದ್ರೆ ಬರೋ ದುಡ್ಡಿನ ಮುಂದೆ ಟಿಕೆಟ್ ದುಡ್ಡು ಯಾವ ಲೆಕ್ಕಕ್ಕೂ ಬರಲ್ಲ. ಲಾಭದಲ್ಲಿರೋ ಟಾಕೀಸ್ ಕೂಡ ನೆಲದ ಲೆಕ್ಕದಲ್ಲಿ ನಷ್ಟಾನೇ.

ಇದಕ್ಕೆ ಮನೆ ವಿಚಾರ ಸೇರ್ಕೊಳ್ಳುತ್ತೆ. ಕಟ್ಟಿದ್ದು ಅಜ್ಜ, ನಡೆಸಿದ್ದು ಅಪ್ಪ, ಈಗಿರೋದು ಮೂರನೇ ತಲೆಮಾರು. ಅಣ್ಣತಮ್ಮ ಅಕ್ಕತಂಗಿ ಮಕ್ಕಳಂತ ಹಲವು ಜನಕ್ಕೆ ಭಾಗ ಹೋಗ್ಬೇಕು. ಬೆಳ್ಳಿಪರದೆಯನ್ನ ಆರು ಭಾಗ ಮಾಡೋಕಾಗಲ್ಲ, ಮಾರಿದ ದುಡ್ಡನ್ನ ಮಾಡ್ಬಹುದು. ಹಿಂಗೆ ಮುಚ್ಚಿದ ಓನರ್‌ನ ವಿಲನ್ ಮಾಡೋದು ಸರಿಯಲ್ಲ ಅಂತ ನನ್ನ ಅನಿಸಿಕೆ, ಇಷ್ಟು ವರ್ಷ ಪಿಕ್ಚರ್ ತೋರಿಸುವಾಗ ಸುಮ್ಮನಿದ್ದ ಊರು, ಮುಚ್ಚುವಾಗ ಮಾತ್ರ ಪರಂಪರೆ ಅಂತ ನೆನಪು ಮಾಡ್ಕೊಂಡ್ರೆ ಅವರಾದ್ರೂ ಏನು ಮಾಡ್ಬೇಕು. ಬೆಂಗಳೂರಲ್ಲೂ ಇದೇ ಕಥೆ, ಸ್ಯಾಂಕಿ ರಸ್ತೆಯ ಕಾವೇರಿ ಥಿಯೇಟರ್ 1974ರಲ್ಲಿ ಶುರುವಾಗಿ 2024ರಲ್ಲಿ ನಿಂತುಹೋಯ್ತು.

ಟೌನ್‌ಹಾಲ್ ಉಳೀತು, ಶಾಂತಲಾ ಉಳೀಲಿಲ್ಲ

ಈ ಎರಡನ್ನ ಅಕ್ಕಪಕ್ಕ ಇಟ್ಟು ನೋಡಿದ್ರೆ ವಿಷಯ ಸ್ಪಷ್ಟ ಆಗುತ್ತೆ. ಟೌನ್‌ಹಾಲ್ 1884ರದ್ದು, ಶಾಂತಲಾಗಿಂತ 90 ವರ್ಷ ಹಳೇದು. ಜನ ಹೆಚ್ಚು ಪ್ರೀತಿಸಿದ್ದು ಯಾವುದನ್ನ ಅಂದ್ರೆ ಬಹುಶಃ ಶಾಂತಲಾನೇ, ಫಸ್ಟ್ ಡೇ ಫಸ್ಟ್ ಶೋಗೆ ಟೌನ್‌ಹಾಲ್ ಮುಂದೆ ಯಾರೂ ಕಟೌಟ್‌ಗೆ ಹಾಲು ಹಾಕಿಲ್ಲ. ಆದ್ರೂ ಉಳಿದಿದ್ದು ಟೌನ್‌ಹಾಲ್, ಯಾಕಂದ್ರೆ ಅದು ಮಹಾನಗರ ಪಾಲಿಕೆ ಆಸ್ತಿ, ಅದನ್ನ ಮಾರೋಕೆ ಭಾಗ ಕೇಳೋಕೆ ಯಾರೂ ಇಲ್ಲ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಸಭಾಂಗಣಾನೂ ಹಂಗೇ, ಅರಮನೆ ಕೈಯಲ್ಲಿದ್ದು ಚಿತ್ರಶಾಲೆ ಜೊತೆ ಸೇರ್ಕೊಂಡು ಉಳೀತು. 1989ರಲ್ಲಿ ಬಿ.ವಿ. ಕಾರಂತರು ಶುರು ಮಾಡಿದ ನಾಟಕ ಸಂಸ್ಥೆ ರಂಗಾಯಣ, ಸರ್ಕಾರದ ಕಲಾಮಂದಿರದ ಆವರಣದಲ್ಲಿ ಇರೋದ್ರಿಂದಲೇ ಭೂಮಿಗೀತ, ವನರಂಗ ಅಂತ ರಂಗಮಂದಿರಗಳು ಬೆಳೆಯೋಕಾಯ್ತು, ಬಹುರೂಪಿ ನಾಟಕೋತ್ಸವಕ್ಕೆ ಜನ ಸೇರೋಕಾಯ್ತು. ನಾಟಕದಿಂದ ಬರೋ ಕಲೆಕ್ಷನ್‌ನಲ್ಲಿ ಹುಣಸೂರು ರಸ್ತೆಯಲ್ಲಿ ಅಷ್ಟು ಜಾಗ ಇಟ್ಕೊಳ್ಳೋಕೆ ಯಾವ ತಂಡಕ್ಕೆ ಸಾಧ್ಯ?

ಹಂಗಂತ ಸರ್ಕಾರದ ಕೈಯಲ್ಲಿದ್ರೆ ಎಲ್ಲಾ ಚೆನ್ನಾಗಿರುತ್ತೆ ಅಂತಲ್ಲ. ಟೌನ್‌ಹಾಲ್ ಮುಂದಿನ ಅಂಡರ್‌ಗ್ರೌಂಡ್ ಪಾರ್ಕಿಂಗ್ ಕೆಲಸ ಹತ್ತು ವರ್ಷಕ್ಕೂ ಮೇಲೆ ಎಳೀತು, ಅಷ್ಟೂ ದಿನ ಅಲ್ಲಿ ಪ್ರೋಗ್ರಾಂ ಮಾಡೋರು ಗುಂಡಿ ದಾಟ್ಕೊಂಡು ಹೋಗ್ಬೇಕಾಯ್ತು. ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸೀತು, ಎರಡೂ ಪಾಲಿಕೆಯವೇ, ಎರಡಕ್ಕೂ ಪಾರಂಪರಿಕ ಅನ್ನೋ ಹೆಸರಿದೆ. ಕೆಡವಿ ಹೊಸದು ಕಟ್ಟಬೇಕಾ ರಿಪೇರಿ ಮಾಡ್ಬೇಕಾ ಅಂತ ವರ್ಷಗಟ್ಟಲೆ ಕೋರ್ಟು ಕಚೇರಿ ಆಯ್ತು. ಅಂದ್ರೆ ಸಾರ್ವಜನಿಕ ಆಸ್ತಿ ಆದ್ರೆ ಕಟ್ಟಡ ಮಾರಾಟ ಆಗಲ್ಲ, ನೋಡ್ಕೊಳ್ಳದೇ ಇದ್ರೆ ಬೀಳುತ್ತೆ. ಖಾಸಗಿ ಆಸ್ತಿ ಆದ್ರೆ ಬೀಳೋಕೆ ಮುಂಚೆನೇ ಮಾರಾಟ ಆಗುತ್ತೆ.

ಪಾರಂಪರಿಕ ಪಟ್ಟಿಗೆ ಟಾಕೀಸ್‌ಗಳನ್ನೂ ಸೇರಿಸಿ ಅನ್ನೋ ವಾದಾನೂ ಇದೆ. ಸೇರಿಸಿದ್ರೆ ಏನಾಗುತ್ತೆ? ಓನರ್ ಕೆಡವೋ ಹಾಗಿಲ್ಲ, ಆದ್ರೆ ನಡೆಸಲೇಬೇಕು ಅಂತ ಯಾರೂ ಹೇಳೋಕಾಗಲ್ಲ. ಬೀಗ ಹಾಕಿ ಬಿಡ್ತಾರೆ, ಹತ್ತು ಮಳೆಗಾಲಕ್ಕೆ ಛಾವಣಿ ತಾನೇ ಬೀಳುತ್ತೆ. ರಿಪೇರಿಗೆ ದುಡ್ಡು ಕೊಡದ ಪಟ್ಟಿ ಓನರ್‌ಗೆ ಶಿಕ್ಷೆ ಥರಾನೇ ಕಾಣುತ್ತೆ.

200 ರೂಪಾಯಿ ಮಿತಿಯಿಂದ ಟಾಕೀಸ್‌ಗೆ ಲಾಭ ಇದೆಯಾ

ತುಂಬಾ ಜನ ಇದೆ ಅಂದ್ಕೊಂಡಿದ್ದಾರೆ. ರೂಲ್ ಪ್ರಕಾರ ತೆರಿಗೆ ಬಿಟ್ಟು ಟಿಕೆಟ್ 200 ದಾಟಬಾರದು, 75 ಸೀಟಿಗಿಂತ ಹೆಚ್ಚಿಲ್ಲದ ಪ್ರೀಮಿಯಂ ಸ್ಕ್ರೀನ್‌ಗಳಿಗೆ ವಿನಾಯಿತಿ. ಮಲ್ಟಿಪ್ಲೆಕ್ಸ್‌ನವರು ಕೋರ್ಟಿಗೆ ಹೋದ್ರು, ನಾವು ಹಾಕಿರೋ ಬಂಡವಾಳಕ್ಕೆ ನೀವು ರೇಟ್ ಫಿಕ್ಸ್ ಮಾಡೋಕಾಗಲ್ಲ ಅನ್ನೋದು ಅವರ ವಾದ. ಸಾಮಾನ್ಯ ಜನಕ್ಕೆ ಸಿನಿಮಾ ಕೈಗೆಟುಕಬೇಕು ಅನ್ನೋದು ಸರ್ಕಾರದ್ದು. 2017ರಲ್ಲೂ ಇದೇ ಪ್ರಯತ್ನ ಆಗಿತ್ತು, ನಿಲ್ಲಲಿಲ್ಲ.

ಸಿಂಗಲ್ ಸ್ಕ್ರೀನ್ ದೃಷ್ಟಿಯಿಂದ ನೋಡಿ. ಅಲ್ಲಿ ಮಾಮೂಲಿ ದಿನ ಟಿಕೆಟ್ 200ಕ್ಕೆ ಹೋಗೋದೇ ಇಲ್ಲ. ಸ್ಟಾರ್ ಪಿಕ್ಚರ್‌ನ ಮೊದಲ ಎರಡು ಮೂರು ದಿನ ರೇಟ್ ಏರಿಸ್ತಾರೆ, ವರ್ಷದ ಲಾಭ ಅನ್ನೋದು ಇದ್ರೆ ಆ ದಿನಗಳಲ್ಲೇ ಬರೋದು, ಮಿತಿ ಅದನ್ನೂ ತಡೆಯುತ್ತೆ. ಇನ್ನೊಂದು ಕಡೆ ಮಲ್ಟಿಪ್ಲೆಕ್ಸ್ ಟಿಕೆಟ್ 200ಕ್ಕೆ ಇಳಿದ್ರೆ, 120 ಕೊಟ್ಟು ಹಳೇ ಸೀಟಲ್ಲಿ ಕೂರೋ ಬದಲು ಇನ್ನು ಎಂಬತ್ತು ರೂಪಾಯಿ ಸೇರಿಸಿ ಮಾಲ್‌ಗೆ ಹೋಗೋಣ ಅನ್ನೋರು ಜಾಸ್ತಿ ಆಗ್ತಾರೆ. ಟಾಕೀಸ್‌ಗೆ ಇದ್ದ ಒಂದೇ ಬಲ ರೇಟಿನ ಅಂತರ, ಅದೂ ಕಮ್ಮಿ ಆಗುತ್ತೆ. ನೋಡುಗರಿಗೆ ಒಳ್ಳೇದಾಗೋ ರೂಲ್ ಟಾಕೀಸ್‌ಗೆ ಒಳ್ಳೇದಾಗ್ಲೇಬೇಕು ಅಂತೇನಿಲ್ಲ.

ಇದಕ್ಕಿಂತ ಸದ್ದಿಲ್ಲದೆ ಬಂದ ಇನ್ನೊಂದು ಬದಲಾವಣೆ ಟಾಕೀಸ್‌ಗೆ ಹೆಚ್ಚು ಉಪಯೋಗದ್ದು. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳೀತು. ನೂರು ದಾಟಿದ್ರೆ ಶೇ 18 ಹಂಗೇ ಇದೆ. ಹಂಗಾಗಿ ತೆರಿಗೆ ಸೇರಿ 110, 120 ಇಟ್ಟಿರೋ ಟಾಕೀಸ್‌ಗೆ ನೂರಕ್ಕೆ ಇಳಿಸೋದೇ ವಾಸಿ, ನೋಡೋನಿಗೂ ಕಮ್ಮಿ, ಓನರ್‌ಗೂ ಅಷ್ಟೇನೂ ಹೊಡೆತ ಇಲ್ಲ. ಜೊತೆಗೆ ಕಲಾವಿದರು ಕಾರ್ಮಿಕರ ಕ್ಷೇಮನಿಧಿಗೆ ಅಂತ 2024ರ ಕಾನೂನಲ್ಲಿ ಶೇ 1ರಿಂದ 2ರವರೆಗೆ ಸೆಸ್ ಹಾಕೋಕೆ ಅವಕಾಶ ಇದೆ. ಉದ್ದೇಶ ಒಳ್ಳೇದೇ, ಆದ್ರೆ ಆ ಹೊರೆ ಯಾರ ಮೇಲೆ ಬೀಳುತ್ತೆ ಅಂತ ಪ್ರದರ್ಶಕರಿಗೆ, ಅಂದ್ರೆ ಥಿಯೇಟರ್ ನಡೆಸೋರಿಗೆ, ತಕರಾರಿದೆ.

ಇನ್ನು ಫಿಲ್ಮ್ ಸಿಟಿ

ಫಿಲ್ಮ್ ಸಿಟಿಗೆ ಈ ಊರು ಆ ಊರು ಅಂತ ಅಲೆದಾಟ ಹಳೇದು. ನಂಜನಗೂಡು ತಾಲೂಕಿನ ಹಿಮ್ಮಾವು ಅಂದ್ರು, ಸರ್ಕಾರ ಬದಲಾಯ್ತು ರಾಮನಗರ ಅಂದ್ರು, ಮತ್ತೆ ಬದಲಾಯ್ತು ಹೆಸರಘಟ್ಟ ಅಂದ್ರು, ಈಗ ತಿರುಗಿ ಮೈಸೂರಿಗೆ ಬಂದಿದೆ. ಬಂದ್ರೆ ಸೆಟ್ ಹಾಕೋ ಬಡಗಿಗಳಿಗೆ, ಲೈಟ್‌ಬಾಯ್‌ಗಳಿಗೆ, ಜೂನಿಯರ್ ಕಲಾವಿದರಿಗೆ, ಹೋಟೆಲ್ ಟ್ಯಾಕ್ಸಿಯೋರಿಗೆ ಕೆಲಸ ಸಿಗುತ್ತೆ. ರಂಗಾಯಣ, ನಟನ, ಸಮತೆಂತೋ ಅಂತ ಇಷ್ಟೊಂದು ರಂಗತಂಡಗಳಿರೋ ಊರಲ್ಲಿ ನಟರಿಗೆ ಬೆಂಗಳೂರಿಗೆ ಓಡೋದು ತಪ್ಪಬಹುದು. ಟಾಕೀಸ್‌ಗೆ ಮಾತ್ರ ಅದರಿಂದ ನೇರವಾಗಿ ಏನೂ ಇಲ್ಲ. ಇಲ್ಲಿ ಶೂಟಿಂಗ್ ಆದ ಪಿಕ್ಚರನ್ನ ಇಲ್ಲೇ ತೋರಿಸ್ಬೇಕು ಅಂತ ರೂಲ್ ಏನಿಲ್ಲವಲ್ಲ.

ಅದೇ ಬಜೆಟ್‌ನಲ್ಲಿ ಸಿನಿಮಾಗೆ ಉದ್ಯಮದ ಸ್ಥಾನಮಾನ ಕೊಡ್ತೀವಿ ಅಂದಿದ್ದು ಹೆಚ್ಚು ಮುಖ್ಯ. ಆ ಸ್ಥಾನಮಾನ ನಿರ್ಮಾಪಕರಿಗೆ ಸ್ಟುಡಿಯೋಗಳಿಗೆ ಮಾತ್ರ ಸಿಕ್ಕಿ ಪ್ರದರ್ಶಕರು ಹೊರಗೆ ಉಳಿದ್ರೆ ಟಾಕೀಸ್ ಲೆಕ್ಕ ಹಿಂದಿನಂಗೇ. ಒಳಗೆ ಬಂದ್ರೆ ಕರೆಂಟ್ ದರ, ಸಾಲ, ರಿಪೇರಿಗೆ ಸಹಾಯಧನ ಕೇಳೋಕೆ ಒಂದು ದಾರಿ ಆಗುತ್ತೆ.

ಮುಚ್ಚಿದ್ರೆ ನಷ್ಟ ಯಾರಿಗೆ

ಸ್ಟಾರ್ ಪಿಕ್ಚರ್‌ಗೆ ಅಲ್ಲ, ಅದು ಎಲ್ಲಿದ್ರೂ ಓಡುತ್ತೆ. ಹೊಡೆತ ಬೀಳೋದು ಸಣ್ಣ ಕನ್ನಡ ಪಿಕ್ಚರ್‌ಗೆ. ಮಲ್ಟಿಪ್ಲೆಕ್ಸ್‌ನಲ್ಲಿ ಅದಕ್ಕೆ ಬೆಳಿಗ್ಗೆ ಹತ್ತು ಗಂಟೆ ಶೋ ಸಿಗುತ್ತೆ, ಆ ಹೊತ್ತಿಗೆ ಯಾರು ಹೋಗ್ತಾರೆ? ಶುಕ್ರವಾರ ಜನ ಇಲ್ಲ ಅಂತ ಸೋಮವಾರ ತೆಗೀತಾರೆ, ಪಿಕ್ಚರ್ ಚೆನ್ನಾಗಿದೆ ಅನ್ನೋ ಮಾತು ಬಾಯಿಂದ ಬಾಯಿಗೆ ಹರಡೋ ಹೊತ್ತಿಗೆ ಪಿಕ್ಚರೇ ಇರಲ್ಲ. ಸಿಂಗಲ್ ಸ್ಕ್ರೀನಲ್ಲಿ ವಾರ ಪೂರ್ತಿ ಇರ್ತಿತ್ತು. ನಿಜ, ಅದಕ್ಕೆ ನಿರ್ಮಾಪಕ ವಾರದ ಬಾಡಿಗೆ ಕಟ್ಟಬೇಕಿತ್ತು, ಜನ ಬರ್ಲಿ ಬಿಡ್ಲಿ. ಈ ಬಾಡಿಗೆ ಪದ್ಧತಿ ತೆಗೆದು ಮಲ್ಟಿಪ್ಲೆಕ್ಸ್ ಥರ ಪರ್ಸೆಂಟೇಜ್ ಮಾಡಿ ಅಂತ ನಿರ್ಮಾಪಕರು ವರ್ಷಗಳಿಂದ ಕೇಳ್ತಿದ್ದಾರೆ, ಪರ್ಸೆಂಟೇಜ್ ಆದ್ರೆ ಸೋತ ಪಿಕ್ಚರ್ ಹೊರೆನೂ ನಮ್ಮ ತಲೆ ಮೇಲೇನಾ ಅಂತ ಓನರ್‌ಗಳು ಕೇಳ್ತಾರೆ. ಇಬ್ಬರದ್ದೂ ನ್ಯಾಯಾನೇ, ಇಬ್ಬರೂ ಜಗಳ ಆಡ್ತಿರೋವಾಗ ಜಾಗ ಬಿಲ್ಡರ್ ಕೈ ಸೇರುತ್ತೆ.

ಮಂಡ್ಯದ ಸ್ಥಿತಿ ಇನ್ನೂ ಸೂಕ್ಷ್ಮ. ಸಂಜಯ, ಮಹಾವೀರ, ಗುರುಶ್ರೀ, ನಂದಾ ಅಂತ ಅಲ್ಲಿ ಸಿನಿಮಾ ಅಂದ್ರೆ ಸಿಂಗಲ್ ಸ್ಕ್ರೀನೇ, ಊರಿನ ಮುಖ್ಯ ಸರ್ಕಲ್ಲಿಗೇ ಸಂಜಯ ಅಂತ ಥಿಯೇಟರ್ ಹೆಸರು. ಮೈಸೂರಲ್ಲಿ ಒಂದು ಟಾಕೀಸ್ ಮುಚ್ಚಿದ್ರೆ ಮಾಲ್ ಇದೆ. ಮಂಡ್ಯದಲ್ಲಿ ಮುಚ್ಚಿದ್ರೆ ಹೈವೇ ಹತ್ತಿ ಮೈಸೂರಿಗೋ ಬೆಂಗಳೂರಿಗೋ ಹೋಗ್ಬೇಕು, ಕಾರಿದ್ದೋನು ಹೋಗ್ತಾನೆ, ಕಬ್ಬಿನ ಗದ್ದೆ ಕೆಲಸ ಮುಗಿಸಿ ಸೆಕೆಂಡ್ ಶೋಗೆ ಬರ್ತಿದ್ದೋನು ಮೊಬೈಲಲ್ಲಿ ನೋಡ್ತಾನೆ. ನಾಲೆ ಬಯಲಿನ ಊರುಗಳಲ್ಲಿ ಪಿಕ್ಚರ್ ಓಡಿದ್ರೆ ಗೆದ್ದಂಗೆ ಅಂತ ಗಾಂಧಿನಗರದೋರು ಹೇಳ್ತಿದ್ದ ಲೆಕ್ಕ ಅಲ್ಲಿಗೆ ತಪ್ಪುತ್ತೆ.

ದಾರಿ ಇಲ್ವಾ

ಬೇರೆ ಕಡೆ ಎರಡು ಥರ ಮಾಡಿದ್ದಾರೆ. ಮುಂಬೈಯಲ್ಲಿ ಹಳೇ ಸಿನಿಮಾ ಜಾಗದಲ್ಲಿ ಹೊಸ ಕಟ್ಟಡ ಎಬ್ಬಿಸಿದ್ರೆ ಅದರೊಳಗೆ ಸಣ್ಣದಾದ್ರೂ ಒಂದು ಥಿಯೇಟರ್ ಇರ್ಬೇಕು ಅಂತ ಕಟ್ಟಡ ನಿಯಮದಲ್ಲೇ ಬರೆದಿಟ್ಟಿದ್ದಾರೆ. ಕೇರಳದಲ್ಲಿ ಸರ್ಕಾರದ ಚಲನಚಿತ್ರ ನಿಗಮಾನೇ ಥಿಯೇಟರ್ ನಡೆಸುತ್ತೆ, ತಿರುವನಂತಪುರದ ಕೈರಳಿ, ಶ್ರೀ, ನಿಳಾ ಅಂಥವೇ. ಮೊದಲನೇದಕ್ಕೆ ಸರ್ಕಾರದ ದುಡ್ಡು ಬೇಡ, ಓನರ್‌ಗೆ ನೆಲದ ಬೆಲೆನೂ ಸಿಗುತ್ತೆ ಊರಿಗೆ ಒಂದು ಪರದೆನೂ ಉಳಿಯುತ್ತೆ, ಆದ್ರೆ ಎಷ್ಟು ಸೀಟು, ಎಷ್ಟು ವರ್ಷ ನಡೆಸ್ಬೇಕು ಅಂತ ಬಿಗಿಯಾಗಿ ಬರೀದಿದ್ರೆ ಪ್ಲಾನ್ ಸ್ಯಾಂಕ್ಷನ್ ಆದ ಮಾರನೇ ದಿನ ಥಿಯೇಟರ್ ಜಾಗ ಗೋಡೌನ್ ಆಗುತ್ತೆ. ಎರಡನೇದು ಸರ್ಕಾರಕ್ಕೆ ದುಬಾರಿ, ಆದ್ರೆ ನಮ್ಮಲ್ಲಿ ಟೌನ್‌ಹಾಲ್, ಕಲಾಮಂದಿರದಂಥ ಕಟ್ಟಡಗಳು ಆಗಲೇ ಸರ್ಕಾರದ ಕೈಯಲ್ಲಿವೆ, ಹೊಸದಾಗಿ ನೆಲ ಕೊಳ್ಳಬೇಕಾಗಿಲ್ಲ. ವಾರದಲ್ಲಿ ಎರಡು ದಿನ ಒಂದು ಕಡೆ ಒಳ್ಳೇ ಪ್ರೊಜೆಕ್ಟರ್ ಹಾಕಿ ನೂರು ರೂಪಾಯಿ ಒಳಗೆ ಕನ್ನಡ ಪಿಕ್ಚರ್ ತೋರಿಸೋಕೆ ಬೇಕಾಗಿರೋದು ಲೈಸೆನ್ಸು ಮತ್ತು ಒಬ್ಬ ಆಪರೇಟರ್ರು. ಟಾಕೀಸ್ ಮುಚ್ಚಿ ಕೆಲಸ ಕಳ್ಕೊಂಡ ಆಪರೇಟರ್‌ಗಳು ಊರಲ್ಲಿದ್ದಾರೆ.

ಸದ್ಯಕ್ಕೆ ಈ ಎರಡರಲ್ಲಿ ಯಾವುದೂ ಸರ್ಕಾರದ ಮಾತಲ್ಲಿ ಕೇಳಿಸ್ತಿಲ್ಲ. ಹಂಗಾಗಿ ಮುಂದೆ 200 ರೂಪಾಯಿ ಕೇಸಿನ ತೀರ್ಪು ಯಾವ ಕಡೆ ಬಂದ್ರೂ, ಫಿಲ್ಮ್ ಸಿಟಿ ಗುದ್ದಲಿ ಪೂಜೆ ಆದ್ರೂ, ಇನ್ನೊಂದು ಟಾಕೀಸ್ ಮುಚ್ಚಿದ ಸುದ್ದಿ ಬಂದ್ರೆ ಆಶ್ಚರ್ಯ ಪಡಬೇಕಾಗಿಲ್ಲ. ಗಮನ ಇಡಬೇಕಾದ್ದು ಉದ್ಯಮ ಸ್ಥಾನಮಾನದ ಆದೇಶದ ಮೇಲೆ, ಅದರಲ್ಲಿ ಪ್ರದರ್ಶಕರ ಹೆಸರಿದೆಯಾ ಇಲ್ವಾ ಅನ್ನೋದರ ಮೇಲೆ, ಮತ್ತೆ ಮುಚ್ಚಿದ ಟಾಕೀಸ್ ಜಾಗಕ್ಕೆ ಪಾಲಿಕೆ ಯಾವ ಪ್ಲಾನ್‌ಗೆ ಒಪ್ಪಿಗೆ ಕೊಡುತ್ತೆ ಅನ್ನೋದರ ಮೇಲೆ.